ಪರಭಾಷೆ ಬಲ್ಲ ನಾಯಕರು: ಆಡುವುದಕ್ಕೂ ಆಲಿಸುವುದಕ್ಕೂ ನಡುವೆ

(ಧಾರವಾಡದಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

1999ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ನೆರೆಯ ಬಳ್ಳಾರಿ ಕ್ಷೇತ್ರದಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಮುಖಾಮುಖಿಯಾಗಿದ್ದರು. ನಿಮ್ಮಲ್ಲಿ ಹಿರಿಯರಾದವರಿಗೆ ಆ ಪ್ರಚಾರದ ಭರಾಟೆ ಚೆನ್ನಾಗಿ ನೆನಪಿರಬೇಕು. ಹರಿಯಾಣದಲ್ಲಿ ಹುಟ್ಟಿ ಬೆಳೆದ ಸುಷ್ಮಾ ಅವರು ಕೆಲವೇ ವಾರಗಳಲ್ಲಿ ಕನ್ನಡವನ್ನು ಕಲಿತು, ಸಭೆಗಳಲ್ಲಿ ಕನ್ನಡದಲ್ಲಿಯೇ ಭಾಷಣ ಮಾಡಿದರು. ಸುಮಾರು 56 ಸಾವಿರ ಮತಗಳಿಂದ ಸೋತರು ಎಂಬುದು ಬೇರೆ ಮಾತು. ಗೆದ್ದವರು ಯಾವ ಭಾಷಣದಲ್ಲಿ ಏನು ಹೇಳಿದರೆಂಬುದನ್ನು ಮರೆತವರೂ ಸೋತವರ ಕನ್ನಡವನ್ನು ಇಂದಿಗೂ ನೆನೆಯುತ್ತಾರೆ. ಅದೇ ಸುಷ್ಮಾ 2014ರಲ್ಲಿ ದೇಶದ ವಿದೇಶಾಂಗ ಸಚಿವರಾದರು.

ಈ ಪ್ರಸಂಗದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಹೊರಗಿನವರೊಬ್ಬರು ನಮ್ಮ ಮಾತನ್ನು ಆಡಿದಾಗ ನಮ್ಮ ಮನಸ್ಸು ಏಕೆ ಕರಗುತ್ತದೆ ಎಂಬುದು ಒಂದು. ಹಾಗೆ ಕಲಿತ ಭಾಷೆಯಿಂದ ಆ ನಾಯಕರಿಗೆ ನಮ್ಮ ಅಹವಾಲು ಎಷ್ಟು ತಿಳಿಯುತ್ತದೆ ಎಂಬುದು ಇನ್ನೊಂದು. ಪತ್ರಿಕೆಗಳು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಗಮನಿಸುತ್ತವೆ; ಯಾವ ನಾಯಕರಿಗೆ ಎಷ್ಟು ಭಾಷೆ ಬರುತ್ತದೆ, ಯಾರ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂದು ಪಟ್ಟಿ ಹಾಕುತ್ತವೆ. ನನಗೆ ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯವಾದದ್ದೆಂದು ತೋರುತ್ತದೆ. ರಾಜಕೀಯ ನಾಯಕರ ಪರಭಾಷಾ ಜ್ಞಾನದ ನಿಜವಾದ ಪ್ರಯೋಜನವಿರುವುದು ಅವರು ಏನನ್ನು ಕೇಳಿಸಿಕೊಳ್ಳಬಲ್ಲರು ಎಂಬುದರಲ್ಲಿ. ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ವಿಚಾರವನ್ನೇ.

ಆಡುವ ಮಾತಿನ ಮಹತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. 2011ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಡಬ್ಲಿನ್ ನಗರಕ್ಕೆ ಹೋಗಿ, ಅಲ್ಲಿನ ಔತಣಕೂಟದಲ್ಲಿ ತಮ್ಮ ಭಾಷಣವನ್ನು ಐರಿಷ್ ಭಾಷೆಯ ನಾಲ್ಕೈದು ಶಬ್ದಗಳಿಂದ ಆರಂಭಿಸಿದರು. ಐರ್ಲೆಂಡ್ ಸ್ವತಂತ್ರವಾದ ಮೇಲೆ ಬ್ರಿಟಿಷ್ ದೊರೆಯೊಬ್ಬರು ಆ ನೆಲಕ್ಕೆ ಕಾಲಿಟ್ಟದ್ದು ಅದೇ ಮೊದಲು. ಪಕ್ಕದಲ್ಲಿ ಕುಳಿತಿದ್ದ ಐರಿಷ್ ಅಧ್ಯಕ್ಷೆ ಮೇರಿ ಮೆಕಲೀಸ್ ಬೆರಗಿನಿಂದ ಉದ್ಗರಿಸಿದ್ದು ದೂರದರ್ಶನದಲ್ಲಿ ಎಲ್ಲರಿಗೂ ಕಂಡಿತು. ಶತಮಾನಗಳ ಕಾಲ ಆ ಭಾಷೆಯನ್ನು ಮೂಲೆಗೊತ್ತಿದ ಅರಸೊತ್ತಿಗೆಯ ಬಾಯಿಂದ ಅದೇ ಭಾಷೆಯ ಗೌರವದ ಸಂಬೋಧನೆ ಬಂದದ್ದರಿಂದ ಆ ಶಬ್ದಗಳಿಗೆ ಅಷ್ಟು ತೂಕ ಬಂದಿತು. ರಾಣಿಗೆ ಐರಿಷ್ ಬರುತ್ತಿತ್ತೇ ಎಂದು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಫ್ರಾನ್ಸಿನ ಅಧ್ಯಕ್ಷ ಶಾರ್ಲ್ ದ ಗಾಲ್ ಅವರ ಉದಾಹರಣೆ ಇದಕ್ಕಿಂತ ದೊಡ್ಡದು. ಮೊದಲ ಮಹಾಯುದ್ಧದಲ್ಲಿ ಅವರು ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ಜರ್ಮನರ ಸೆರೆಯಲ್ಲಿದ್ದವರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆಕ್ರಮಿಸಿದ ದೇಶವನ್ನು ಬಿಡಿಸಿಕೊಳ್ಳಲು ಹೋರಾಡಿದವರು. ಅಂಥವರು 1962ರ ಸೆಪ್ಟೆಂಬರ್‌ನಲ್ಲಿ ಲುಡ್ವಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಜರ್ಮನ್ ಯುವಜನರ ಮುಂದೆ ನಿಂತು, ಕೈಯಲ್ಲಿ ಕಾಗದ ಹಿಡಿಯದೆ, ಜರ್ಮನ್ ಭಾಷೆಯಲ್ಲಿಯೇ ಮಾತನಾಡಿದರು. ಭಾಷಣವನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದರು. ಅದಾದ ನಾಲ್ಕೇ ತಿಂಗಳಿಗೆ, 1963ರ ಜನವರಿಯಲ್ಲಿ, ಎರಡೂ ದೇಶಗಳ ನಡುವೆ ಸ್ನೇಹದ ಒಪ್ಪಂದವಾಯಿತು. ಒಪ್ಪಂದಕ್ಕೆ ಭಾಷಣವೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಅದರ ಹಿಂದೆ ಪಶ್ಚಿಮ ಜರ್ಮನಿಯ ಸರ್ಕಾರದ ಮುಖ್ಯಸ್ಥರಾಗಿದ್ದ ಅಡೆನಾವರ್ ಅವರೊಡನೆ ನಡೆದ ದೀರ್ಘ ಮಾತುಕತೆಗಳಿದ್ದವು. ಆದರೂ ಜನಸಾಮಾನ್ಯರ ಮನಸ್ಸನ್ನು ಆ ಒಪ್ಪಂದಕ್ಕೆ ಸಿದ್ಧಪಡಿಸಿದ್ದರಲ್ಲಿ ಆ ಬಾಯಿಪಾಠದ ಜರ್ಮನ್ ಭಾಷಣಕ್ಕೆ ದೊಡ್ಡ ಪಾಲಿದೆ. 2014ರಲ್ಲಿ ನಮ್ಮ ಪ್ರಧಾನಿ ನರೇಂದ್ರ ಮೋದಿ ಅವರು ಕಠ್ಮಂಡುವಿನ ಸಂಸತ್ತಿನಲ್ಲಿ ತಮ್ಮ ಭಾಷಣವನ್ನು ನೇಪಾಳಿಯಲ್ಲಿ ಆರಂಭಿಸಿದಾಗ ಅಲ್ಲಿನ ಸದಸ್ಯರು ಮೇಜು ಕುಟ್ಟಿ ಸ್ವಾಗತಿಸಿದ್ದೂ ಇದೇ ಬಗೆಯದು. ಇವೆಲ್ಲ ಗೌರವ ಸಲ್ಲಿಸುವ ರೀತಿಗಳು. ಇವುಗಳಿಗೆ ಭಾಷೆ ತಿಳಿದಿರಲೇಬೇಕೆಂದಿಲ್ಲ, ಕಲಿಯುವ ಶ್ರದ್ಧೆ ಇದ್ದರೆ ಸಾಕು.

ಸಭೆ ಮುಗಿದು ಬಾಗಿಲು ಹಾಕಿಕೊಂಡ ಮೇಲೆ ನಡೆಯುವ ಮಾತುಕತೆ ಬೇರೆಯದೇ ಲೋಕ. ಅಲ್ಲಿ ಏನಾಗುತ್ತದೆಂಬುದನ್ನು ಅರಿಯಲು 1938ಕ್ಕೆ ಹೋಗೋಣ.

ಆ ವರ್ಷದ ಸೆಪ್ಟೆಂಬರ್ 15ರಂದು ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲಿನ್ ವಿಮಾನವೇರಿ ಜರ್ಮನಿಗೆ ಹೋದರು. ಆಗ ಅವರಿಗೆ 69 ವರ್ಷ. ಬೆರ್ಖ್ಟೆಸ್‌ಗಾಡೆನ್‌ನ ಗುಡ್ಡದ ಮೇಲಿನ ಮನೆಯಲ್ಲಿ ಹಿಟ್ಲರ್ ಅವರನ್ನು ಬರಮಾಡಿಕೊಂಡು, ಒಂದು ಕೋಣೆಯಲ್ಲಿ ಗಂಟೆಗಟ್ಟಲೆ ಮಾತನಾಡಿದ. ಆ ಕೋಣೆಯಲ್ಲಿದ್ದವರು ಮೂವರೇ: ಚೇಂಬರ್ಲಿನ್, ಹಿಟ್ಲರ್ ಮತ್ತು ಜರ್ಮನ್ ಸರ್ಕಾರದ ದುಭಾಷಿ ಪೌಲ್ ಶ್ಮಿಟ್. ಚೇಂಬರ್ಲಿನ್ ಅವರಿಗೆ ಜರ್ಮನ್ ಬರುತ್ತಿರಲಿಲ್ಲ, ಹಿಟ್ಲರನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬ್ರಿಟನ್ನಿನ ಕಡೆಯ ದುಭಾಷಿಯಾಗಲಿ, ಟಿಪ್ಪಣಿ ಬರೆದುಕೊಳ್ಳುವವರಾಗಲಿ ಅಲ್ಲಿ ಇರಲಿಲ್ಲ. ಯುರೋಪಿನ ಯುದ್ಧ ಮತ್ತು ಶಾಂತಿಯನ್ನು ನಿರ್ಧರಿಸುವ ಮಾತುಗಳ ಏಕೈಕ ಬರಹ ದಾಖಲೆ ಎದುರಾಳಿಯ ನೌಕರನ ಕೈಯಲ್ಲಿತ್ತು. ಶ್ಮಿಟ್ ಪ್ರಾಮಾಣಿಕ ವೃತ್ತಿಪರನೆಂದು ಹೆಸರು ಪಡೆದವನು. ಅವನು ತಪ್ಪಾಗಿ ಅನುವಾದಿಸಿದನೆಂದು ನಾನು ಹೇಳುತ್ತಿಲ್ಲ. ಆದರೆ ಮಾತುಕತೆ ಮುಗಿದ ಮೇಲೆ ಆ ಟಿಪ್ಪಣಿಯ ಪ್ರತಿಯನ್ನು ಬ್ರಿಟಿಷರಿಗೆ ಕೊಡಲು ಜರ್ಮನ್ ವಿದೇಶಾಂಗ ಸಚಿವ ರಿಬೆನ್‌ಟ್ರಾಪ್ ಒಪ್ಪಲಿಲ್ಲ. ಚೇಂಬರ್ಲಿನ್ ಲಂಡನ್ನಿಗೆ ಮರಳಿ ತಮ್ಮ ನೆನಪಿನಿಂದಲೇ ಎಲ್ಲವನ್ನೂ ಒಪ್ಪಿಸಬೇಕಾಯಿತು. ಒಂದು ವಾರದ ನಂತರ ಗೋಡೆಸ್‌ಬೆರ್ಗ್‌ನಲ್ಲಿ ಎರಡನೆಯ ಭೇಟಿ ನಡೆದಾಗ, ಜರ್ಮನ್ ಬಲ್ಲ ರಾಜತಾಂತ್ರಿಕ ಐವೋನ್ ಕಿರ್ಕ್‌ಪ್ಯಾಟ್ರಿಕ್ ಅವರನ್ನು ಜೊತೆಗೆ ಇಟ್ಟುಕೊಂಡರು.

ಅದೇ ತಿಂಗಳ ಕೊನೆಗೆ ಮ್ಯೂನಿಕ್ ಸಮ್ಮೇಳನ ನಡೆಯಿತು. ಅಲ್ಲಿ ಸೇರಿದ ನಾಲ್ವರು ನಾಯಕರಲ್ಲಿ ಇತರ ಮೂವರೊಡನೆ ದುಭಾಷಿಯ ನೆರವಿಲ್ಲದೆ ಮಾತನಾಡಬಲ್ಲವನು ಒಬ್ಬನೇ, ಇಟಲಿಯ ಮುಸೊಲಿನಿ. ಅವನ ಜರ್ಮನ್, ಫ್ರೆಂಚ್, ಇಂಗ್ಲಿಷ್ ಯಾವುದೂ ಪರಿಪೂರ್ಣವಾಗಿರಲಿಲ್ಲ, ಆದರೆ ಉಳಿದವರು ದುಭಾಷಿಯ ಬಾಯನ್ನೇ ನೋಡುತ್ತ ಕುಳಿತಿದ್ದಾಗ ಅಷ್ಟೇ ಸಾಕಾಯಿತು. ಮಧ್ಯಸ್ಥನ ಸ್ಥಾನ ತಾನಾಗಿಯೇ ಅವನಿಗೆ ದಕ್ಕಿತು. ತನ್ನದೆಂದು ಅವನು ಮುಂದಿಟ್ಟ ಕರಡು ಪ್ರಸ್ತಾವ ವಾಸ್ತವವಾಗಿ ಬರ್ಲಿನ್ನಿನಲ್ಲಿ ತಯಾರಾದದ್ದು. ಅದರ ಆಧಾರದ ಮೇಲೆ ಚೆಕೊಸ್ಲೊವಾಕಿಯಾದ ಗಡಿಪ್ರದೇಶ ಜರ್ಮನಿಯ ಪಾಲಾಯಿತು. ಎಲ್ಲರ ಭಾಷೆಯನ್ನೂ ಬಲ್ಲವನೊಬ್ಬನಿದ್ದ ಆ ಕೋಣೆಯೊಳಗೆ ಚೆಕ್ ಭಾಷೆ ಆಡುವವರಿಗೆ ಪ್ರವೇಶವೇ ಇರಲಿಲ್ಲ.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಬಹುಭಾಷಾ ಜ್ಞಾನವೆಂದರೆ ಅದೊಂದು ಸದ್ಗುಣ, ಅದಿದ್ದವರು ಉದಾರ ಮನಸ್ಸಿನವರು ಎಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿದೆ. ಮ್ಯೂನಿಕ್ ಹೇಳುವುದು ಬೇರೆ. ಭಾಷೆ ಒಂದು ಬಲ. ಅದು ಯಾರ ಕೈಗೆ ಸಿಕ್ಕಿತೋ ಅವರ ಉದ್ದೇಶಕ್ಕೆ ದುಡಿಯುತ್ತದೆ. ಆ ಬಲ ನಮ್ಮ ಕಡೆ ಇಲ್ಲದಿದ್ದಾಗ ಅದನ್ನು ದುಭಾಷಿಯ ಮೂಲಕವಾದರೂ ಒದಗಿಸಿಕೊಳ್ಳದೆ ಮಾತುಕತೆಗೆ ಕೂರುವುದು ಅಪಾಯಕರ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೆ ಹೋದಾಗ ಚೀನೀ ಬಲ್ಲ ತಮ್ಮದೇ ಅಧಿಕಾರಿ ಜೊತೆಗಿದ್ದರೂ ಪ್ರಮುಖ ಮಾತುಕತೆಗಳಿಗೆ ಚೀನೀಯರ ದುಭಾಷಿಗಳನ್ನೇ ನೆಚ್ಚಿಕೊಂಡರು. 2017ರಲ್ಲಿ ಹ್ಯಾಂಬರ್ಗ್‌ನ ಔತಣದಲ್ಲಿ ಡೊನಾಲ್ಡ್ ಟ್ರಂಪ್ ಅವರು ಪುಟಿನ್ ಬಳಿ ಹೋಗಿ ಕುಳಿತು ಮಾತನಾಡಿದಾಗ ಅಲ್ಲಿದ್ದದ್ದು ರಷ್ಯಾದ ದುಭಾಷಿ ಮಾತ್ರ. ಅಮೆರಿಕದ ಕಡೆಯಿಂದ ಅಂದು ಮೇಜಿಗೆ ಬಂದಿದ್ದ ದುಭಾಷಿ ಜಪಾನೀ ಭಾಷೆಯವರಾಗಿದ್ದರು. ಎಂಟು ದಶಕಗಳ ಹಿಂದಿನ ಪಾಠವನ್ನು ಅತ್ಯಂತ ಶಕ್ತಿಶಾಲಿ ದೇಶವೂ ನೆನಪಿಟ್ಟುಕೊಳ್ಳಲಿಲ್ಲ ಎಂಬುದು ನನಗೆ ಕಳವಳದ ಸಂಗತಿಯಾಗಿ ಕಾಣುತ್ತದೆ.

ದುಭಾಷಿಗಳ ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮಲ್ಲಿ ಆ ವೃತ್ತಿಯ ಪರಿಚಯ ಬಹಳ ಕಡಿಮೆ. ಇದರಲ್ಲಿ ಎರಡು ಬಗೆಗಳಿವೆ. ನಾಯಕರು ಒಂದಷ್ಟು ಹೊತ್ತು ಮಾತನಾಡಿ ನಿಲ್ಲಿಸಿದ ಮೇಲೆ ದುಭಾಷಿ ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳುವುದು ಒಂದು ಬಗೆ. ಇದಕ್ಕಾಗಿ ಅವರು ಚಿಕ್ಕದೊಂದು ನೋಟ್‌ಬುಕ್ ಇಟ್ಟುಕೊಳ್ಳುತ್ತಾರೆ. ಪುಟದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದಿರುತ್ತದೆ. ಮಾತನ್ನು ಮಾತಾಗಿ ಬರೆದುಕೊಳ್ಳಲು ಸಮಯವಿರುವುದಿಲ್ಲವಾದ್ದರಿಂದ ಬಾಣದ ಗುರುತು, ಚೌಕ, ಅಡ್ಡಗೆರೆಗಳಂತಹ ಸಂಕೇತಗಳಲ್ಲಿ ವಿಚಾರಗಳ ಜೋಡಣೆಯನ್ನು ಮಾತ್ರ ಗುರುತಿಸಿಕೊಳ್ಳುತ್ತಾರೆ. ಪೂರ್ತಿಯಾಗಿ ಬರೆದುಕೊಳ್ಳುವುದು ಹೆಸರುಗಳನ್ನು ಮತ್ತು ಅಂಕಿಗಳನ್ನು. ಅಂಕಿಗಳೇ ಅವರಿಗೆ ದೊಡ್ಡ ಕಂಟಕ. ನಾವು ಲಕ್ಷ, ಕೋಟಿಗಳಲ್ಲಿ ಎಣಿಸುತ್ತೇವೆ. ಇಂಗ್ಲಿಷಿನವರು ಮಿಲಿಯನ್, ಬಿಲಿಯನ್‌ಗಳಲ್ಲಿ. ಚೀನೀಯರು ಹತ್ತು ಸಾವಿರವನ್ನೇ ಒಂದು ಮೂಲಮಾನವಾಗಿಟ್ಟುಕೊಂಡು ಎಣಿಸುತ್ತಾರೆ. ನಮ್ಮ ಮಂತ್ರಿಯೊಬ್ಬರು ಮೂರು ಕೋಟಿ ಎಂದರೆ ಚೀನೀ ದುಭಾಷಿ ಅದನ್ನು ಮೂರು ಸಾವಿರ ಹತ್ತುಸಾವಿರಗಳೆಂದು ಆ ಕ್ಷಣದಲ್ಲಿಯೇ ಪರಿವರ್ತಿಸಬೇಕು. ಒಂದು ಸೊನ್ನೆ ತಪ್ಪಿದರೂ ಒಪ್ಪಂದದ ಅರ್ಥವೇ ಬದಲಾಗುತ್ತದೆ.

ಇನ್ನೊಂದು ಬಗೆ, ಮಾತು ನಡೆಯುತ್ತಿರುವಾಗಲೇ ಗಾಜಿನ ಕೋಣೆಯಲ್ಲಿ ಕುಳಿತು ಜೊತೆಜೊತೆಗೆ ಅನುವಾದಿಸುವುದು. ಎರಡನೆಯ ಮಹಾಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆ ನಾಲ್ಕು ಭಾಷೆಗಳಲ್ಲಿ ನಡೆದಾಗ ಈ ಪದ್ಧತಿ ಜಗತ್ತಿಗೆ ಪರಿಚಯವಾಯಿತು. ಅಲ್ಲಿಂದ ಅದು ವಿಶ್ವಸಂಸ್ಥೆಗೆ ಬಂದಿತು. ಇದು ಎಷ್ಟು ದಣಿವಿನ ಕೆಲಸವೆಂದರೆ ಒಬ್ಬರು ಸುಮಾರು ಅರ್ಧ ಗಂಟೆ ಮಾತನಾಡಿದ ಮೇಲೆ ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾಗುತ್ತದೆ. ಜರ್ಮನ್ ಭಾಷೆಯಲ್ಲಿ ಕ್ರಿಯಾಪದ ಹಲವು ಸಲ ವಾಕ್ಯದ ಕೊನೆಗೆ ಬರುವುದರಿಂದ ದುಭಾಷಿಗಳು ಉಸಿರು ಬಿಗಿಹಿಡಿದು ಕಾಯುತ್ತಾರೆ. ಕನ್ನಡದ ದುಭಾಷಿಗೂ ಇದೇ ಪಾಡು: ನಮ್ಮಲ್ಲಿ ಒಪ್ಪಿಗೆಯೋ ನಿರಾಕರಣೆಯೋ ಎಂಬುದು ತಿಳಿಯುವುದೇ ವಾಕ್ಯ ಮುಗಿಯುವಾಗ. ಇಂಥ ಕೆಲಸ ಮಾಡುವವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. 1954ರಲ್ಲಿ ನೆಹರೂ ಚೀನಾಕ್ಕೆ ಹೋಗಿ ಮಾವೋ ಅವರನ್ನು ಭೇಟಿಯಾದಾಗ ನಮ್ಮ ಕಡೆಯ ದುಭಾಷಿಯಾಗಿದ್ದ ಪರಾಂಜಪೆ ಅವರ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ಹಾಗಾದರೆ ಒಳ್ಳೆಯ ದುಭಾಷಿಗಳಿದ್ದರೆ ಸಾಕು, ನಾಯಕರಿಗೆ ಪರಭಾಷೆ ಬೇಡವೇ ಎಂದು ನೀವು ಕೇಳಬಹುದು. ಬೇಕು. ಅದು ಹೇಗೆ ಉಪಯೋಗಕ್ಕೆ ಬರುತ್ತದೆಂಬುದನ್ನು ಜರ್ಮನಿಯ ಆಂಗೆಲಾ ಮರ್ಕೆಲ್ ಮತ್ತು ರಷ್ಯಾದ ಪುಟಿನ್ ಅವರಲ್ಲಿ ಕಾಣಬಹುದು. ಮರ್ಕೆಲ್ ಪೂರ್ವ ಜರ್ಮನಿಯಲ್ಲಿ ಬೆಳೆದವರು. ಅಲ್ಲಿ ಶಾಲೆಯಲ್ಲಿ ರಷ್ಯನ್ ಕಲಿಯಬೇಕಾಗಿತ್ತು, ಅವರು ಅದರಲ್ಲಿ ಸ್ಪರ್ಧೆ ಗೆದ್ದು ಸೋವಿಯತ್ ಒಕ್ಕೂಟಕ್ಕೆ ಹೋಗಿಬಂದರು. ಪುಟಿನ್ 1985ರಿಂದ 1990ರವರೆಗೆ ಡ್ರೆಸ್ಡೆನ್ ನಗರದಲ್ಲಿ ಗುಪ್ತಚರ ಅಧಿಕಾರಿಯಾಗಿದ್ದವರು. 2001ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸಂಸತ್ತಿನಲ್ಲಿ ಬಹುಪಾಲು ಭಾಷಣವನ್ನು ಜರ್ಮನ್‌ನಲ್ಲಿಯೇ ಮಾಡಿದರು. ಇಬ್ಬರಿಗೂ ಪರಸ್ಪರರ ಭಾಷೆ ಗೊತ್ತು. ಆದರೂ ಔಪಚಾರಿಕ ಮಾತುಕತೆಗಳಲ್ಲಿ ದುಭಾಷಿಗಳು ಇದ್ದೇ ಇರುತ್ತಿದ್ದರು. ಹೀಗೆ ಮಾಡುವುದರಿಂದ ಎರಡು ಲಾಭಗಳಿವೆ. ಎದುರಿನವರು ಹೇಳಿದ್ದನ್ನು ಮೂಲದಲ್ಲಿಯೇ ಕೇಳಿ, ಅನುವಾದ ಮುಗಿಯುವವರೆಗೆ ಉತ್ತರವನ್ನು ಯೋಚಿಸಲು ಸಮಯ ಸಿಗುತ್ತದೆ. ಧ್ವನಿಯ ಏರಿಳಿತ, ತಡವರಿಕೆ, ಶಬ್ದದ ಆಯ್ಕೆ ಇವೆಲ್ಲ ನೇರವಾಗಿ ಕಿವಿಗೆ ಬೀಳುತ್ತವೆ. ತಾವು ಉತ್ತರಿಸುವಾಗ ಮಾತ್ರ ಸ್ವಂತ ಭಾಷೆಯನ್ನು ಬಿಡುವುದಿಲ್ಲ, ಏಕೆಂದರೆ ಕಲಿತ ಭಾಷೆಯಲ್ಲಿ ಒಂದು ಶಬ್ದ ಜಾರಿದರೆ ದೇಶವೇ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರಿಗೂ ಇಂಗ್ಲಿಷ್ ಸಾಕಷ್ಟು ತಿಳಿಯುತ್ತಿತ್ತು. ಮಾತುಕತೆ ಮಾತ್ರ ದುಭಾಷಿಯ ಮೂಲಕ, ನಡುವೆ ದುಭಾಷಿ ತಪ್ಪಿದರೆ ತಿದ್ದುತ್ತಿದ್ದರು.

ಪರಸ್ಪರರ ಭಾಷೆ ಅರಿತ ಮಾತ್ರಕ್ಕೆ ಒಮ್ಮತ ಹುಟ್ಟುತ್ತದೆಂದು ನಂಬಬಾರದು. ಮರ್ಕೆಲ್ ಮತ್ತು ಪುಟಿನ್ ಒಬ್ಬರನ್ನೊಬ್ಬರು ಅಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದರೂ 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ತನ್ನದಾಗಿಸಿಕೊಳ್ಳುವುದು ನಿಲ್ಲಲಿಲ್ಲ. ಉಕ್ರೇನಿನ ಝೆಲೆನ್‌ಸ್ಕಿ ಅವರ ಮನೆಮಾತೇ ರಷ್ಯನ್. 2022ರ ಫೆಬ್ರುವರಿಯಲ್ಲಿ, ಆಕ್ರಮಣಕ್ಕೆ ಕೆಲವೇ ಗಂಟೆಗಳ ಮೊದಲು, ಅವರು ರಷ್ಯಾದ ಜನತೆಗೆ ರಷ್ಯನ್‌ನಲ್ಲಿಯೇ ಮನವಿ ಮಾಡಿಕೊಂಡರು. ಯುದ್ಧ ತಪ್ಪಲಿಲ್ಲ.

ಕಲಿತ ಭಾಷೆಯನ್ನು ಬೇಕೆಂದೇ ಆಡದಿರುವುದೂ ರಾಜಕೀಯವೇ. ಸಿಂಗಪುರದ ಲೀ ಕ್ವಾನ್ ಯೂ ಚೀನೀ ಮೂಲದವರಾದರೂ ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಮತದಾರರ ಬಳಿ ಹೋಗಬೇಕಾದಾಗ ಮೂವತ್ತು ದಾಟಿದ ವಯಸ್ಸಿನಲ್ಲಿ ಮ್ಯಾಂಡರಿನ್ ಕಲಿತರು, 1961ರಲ್ಲಿ ಉಪಚುನಾವಣೆಯೊಂದಕ್ಕಾಗಿ ಹೊಕ್ಕಿಯೆನ್ ಎಂಬ ಇನ್ನೊಂದು ಚೀನೀ ನುಡಿಯನ್ನು ಕಲಿತರು, ಮಲಯ್ ಅಂತೂ ಬರುತ್ತಿತ್ತು. ಇಷ್ಟು ಶ್ರಮಪಟ್ಟು ಕಲಿತವರು 1976ರಲ್ಲಿ ಮೊದಲ ಬಾರಿಗೆ ಚೀನಾಕ್ಕೆ ಹೋದಾಗ ಮಾತುಕತೆಗಳೆಲ್ಲ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂದು ಪಟ್ಟುಹಿಡಿದರು. ಸಿಂಗಪುರ ಚೀನಾದ ಒಂದು ತುಂಡಲ್ಲ, ಅಲ್ಲಿ ಮಲಯರೂ ತಮಿಳರೂ ಇದ್ದಾರೆ ಎಂಬುದನ್ನು ನೆರೆಯ ದೇಶಗಳಿಗೆ ತೋರಿಸುವುದು ಅವರಿಗೆ ಅಗತ್ಯವಾಗಿತ್ತು. ನಾನು ಓದಿದ ಇಂಥ ಉದಾಹರಣೆಗಳಲ್ಲಿ ಇಷ್ಟು ಸ್ಪಷ್ಟ ವಿವೇಕ ಕಂಡದ್ದು ಅಪರೂಪ.

ಇದೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ನೆಲ್ಸನ್ ಮಂಡೇಲಾ ಅವರ ಕಲಿಕೆ. 1964ರಲ್ಲಿ ಜೀವಾವಧಿ ಶಿಕ್ಷೆಗೊಳಗಾಗಿ ರಾಬೆನ್ ದ್ವೀಪದ ಸೆರೆಮನೆಗೆ ಹೋದ ಮಂಡೇಲಾ ಅಲ್ಲಿ ಆಫ್ರಿಕಾನ್ಸ್ ಕಲಿಯತೊಡಗಿದರು. ಅದು ವರ್ಣಭೇದ ನೀತಿಯನ್ನು ಹೇರಿದ ಬಿಳಿಯರ ಭಾಷೆ, ತಮ್ಮನ್ನು ಕಾಯುವ ಪಹರೆಯವರ ಭಾಷೆ. 1976ರಲ್ಲಿ ಸೊವೆಟೊದ ಕಪ್ಪು ಮಕ್ಕಳು ಅದೇ ಭಾಷೆಯನ್ನು ಶಾಲೆಗಳಲ್ಲಿ ಹೇರಿದ್ದರ ವಿರುದ್ಧ ಬೀದಿಗಿಳಿದು ಗುಂಡೇಟಿಗೆ ಬಲಿಯಾದರು. ಅಂಥ ಭಾಷೆಯನ್ನು ಮಂಡೇಲಾ ವ್ಯಾಕರಣ ಪುಸ್ತಕ ಹಿಡಿದು ಕಲಿತರು, ಅದರ ಸಾಹಿತ್ಯವನ್ನು ಓದಿದರು, ಆ ಜನರ ಇತಿಹಾಸವನ್ನು, ಬ್ರಿಟಿಷರಿಂದ ಅವರು ಅನುಭವಿಸಿದ ಸೋಲಿನ ನೋವನ್ನು ತಿಳಿದುಕೊಂಡರು. ಪಹರೆಯವರೊಡನೆ ಅವರ ಮಾತಿನಲ್ಲಿಯೇ ಮಾತನಾಡಿದರು. ಬಿಡುಗಡೆಯಾದ ಮೇಲೆ 1993ರಲ್ಲಿ, ಮಾಜಿ ಸೇನಾಧಿಪತಿ ಕಾನ್‌ಸ್ಟಾಂಡ್ ಫಿಲ್ಯುನ್ ಅವರ ನೇತೃತ್ವದಲ್ಲಿ ಬಿಳಿಯರ ಒಂದು ಬಣ ಸಶಸ್ತ್ರ ಪ್ರತಿರೋಧಕ್ಕೆ ಸಜ್ಜಾಗುತ್ತಿತ್ತು. ಮಂಡೇಲಾ ಆ ಸೇನಾಧಿಪತಿಯನ್ನು ತಮ್ಮ ಮನೆಗೆ ಕರೆಸಿ, ತಾವೇ ಚಹಾ ಬಸಿದುಕೊಟ್ಟು, ಆಫ್ರಿಕಾನ್ಸ್‌ನಲ್ಲಿ ಮಾತನಾಡಿದರು. ತಿಂಗಳುಗಳ ಮಾತುಕತೆಯ ನಂತರ ಫಿಲ್ಯುನ್ ಬಂದೂಕಿನ ದಾರಿ ಬಿಟ್ಟು 1994ರ ಚುನಾವಣೆಯಲ್ಲಿ ಸ್ಪರ್ಧಿಸಿದರು. ಎದುರಾಳಿ ಏಕೆ ಹೆದರಿದ್ದಾನೆಂಬುದು ತಿಳಿದಿದ್ದರಿಂದಲೇ ಮಂಡೇಲಾಗೆ ಅದು ಸಾಧ್ಯವಾಯಿತು. ಅದನ್ನು ಅವರಿಗೆ ತಿಳಿಸಿಕೊಟ್ಟದ್ದು ಸೆರೆಮನೆಯ ಆ ಓದು.

ಆಳುವವರು ಆಳಿಸಿಕೊಳ್ಳುವವರ ಭಾಷೆ ಕಲಿತ ಕಥೆ ನಮ್ಮ ಧಾರವಾಡಕ್ಕೂ ಹೊಸದಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ಅದನ್ನು ನೆನೆಯುತ್ತೇನೆ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಆತ ಇದೇ ಸೀಮೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಕನ್ನಡ ಶಾಸನಗಳನ್ನು ನಕಲು ಮಾಡಿಸಿದ. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯೇ ನಡೆಯುತ್ತಿದ್ದ ಕಾಲದಲ್ಲಿ ಈ ಜನರ ಮಾತು ಕನ್ನಡವೆಂದು ಗುರುತಿಸಿದವರಲ್ಲಿ ಆತನೂ ಒಬ್ಬ. ಮುಂದೆ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು, 1890ರಲ್ಲಿ ಇದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ನಿಮಗೆಲ್ಲ ಗೊತ್ತಿದೆ. ಜನರ ಭಾಷೆ ತಿಳಿಯದ ಆಡಳಿತದಿಂದ ಎಷ್ಟು ತೊಂದರೆಯಾಗುತ್ತದೆಂಬುದನ್ನು ಪುಸ್ತಕ ಓದಿ ಕಲಿಯಬೇಕಾದ ಊರು ಇದಲ್ಲ.

ಆ ಕಾಲದ ಇನ್ನೊಬ್ಬ ಅಧಿಕಾರಿ ಫ್ಲೀಟ್. ಶಾಸನತಜ್ಞನೆಂದು ಆತನಿಗೆ ಹೆಸರು. ಆದರೆ ಆತ ಹಳ್ಳಿಗಳಲ್ಲಿ ಹಾಡುತ್ತಿದ್ದ ಲಾವಣಿಗಳನ್ನೂ ಬರೆಸಿಕೊಂಡು 1880ರ ದಶಕದಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ದಂಗೆಯ ಲಾವಣಿ, 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರ ಲಾವಣಿ ನಮಗೆ ಇಂದು ಆ ರೂಪದಲ್ಲಿ ಉಳಿದಿರುವುದು ಬಹುಮಟ್ಟಿಗೆ ಆ ಕೆಲಸದಿಂದ. ತನ್ನ ಸರ್ಕಾರದ ವಿರುದ್ಧ ಜನ ಕಟ್ಟಿದ ಹಾಡನ್ನು ಆ ಸರ್ಕಾರದ ಅಧಿಕಾರಿಯೇ ಕುಳಿತು ಕೇಳಿದ. ಸರ್ಕಾರ ಅದರಿಂದ ಏನನ್ನೂ ಕಲಿಯಲಿಲ್ಲ. ಕೇಳುವ ಕಿವಿ ಕೆಳಗಿನ ಅಧಿಕಾರಿಯಲ್ಲಿದ್ದು, ತೀರ್ಮಾನಿಸುವವರಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ.

ಸ್ವತಂತ್ರ ಭಾರತದ ನಾಯಕರಲ್ಲಿ ಭಾಷೆಗಳ ವಿಷಯಕ್ಕೆ ಮೊದಲು ನೆನಪಾಗುವವರು ಪಿ. ವಿ. ನರಸಿಂಹ ರಾವ್. ತೆಲುಗು ಮನೆಮಾತು, ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್ ಜೊತೆಗೆ ಸ್ಪ್ಯಾನಿಷ್ ಸಹ ಬರುತ್ತಿತ್ತು. ವಿಶ್ವನಾಥ ಸತ್ಯನಾರಾಯಣ ಅವರ ದೊಡ್ಡ ತೆಲುಗು ಕಾದಂಬರಿಯನ್ನು ಹಿಂದಿಗೆ ತಂದರು, ಹರಿ ನಾರಾಯಣ ಆಪಟೆ ಅವರ ಮರಾಠಿ ಕಾದಂಬರಿಯನ್ನು ತೆಲುಗಿಗೆ ತಂದರು. ಮಹಾರಾಷ್ಟ್ರದ ರಾಮಟೇಕ್ ಕ್ಷೇತ್ರದಿಂದ 1984 ಮತ್ತು 1989ರಲ್ಲಿ ಗೆದ್ದುಬಂದರು. ಒಂದು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಇನ್ನೊಂದು ರಾಜ್ಯದ ಜನರ ನಡುವೆ ಅವರದೇ ಮಾತಿನಲ್ಲಿ ಓಡಾಡಲು ಸಾಧ್ಯವಾದದ್ದನ್ನು ನಾವು ಸಾಕಷ್ಟು ಮೆಚ್ಚಿಲ್ಲ. ನಮ್ಮ ಕಡೆಯ ರಾಜಕಾರಣಿಗಳಲ್ಲೂ ಆ ಪರಂಪರೆ ಇತ್ತು. ಆಲೂರು ವೆಂಕಟರಾಯರು ತಿಲಕರ ಗೀತಾರಹಸ್ಯವನ್ನು ಮರಾಠಿಯಿಂದ ಕನ್ನಡಕ್ಕೆ ತಂದರು. ಹುಬ್ಬಳ್ಳಿಯ ‘ಕರ್ಮವೀರ’ವನ್ನು ನಡೆಸಿದ ರಂಗನಾಥ ದಿವಾಕರರು ಕೇಂದ್ರದ ವಾರ್ತಾ ಸಚಿವರಾಗಿ, ಮುಂದೆ ಬಿಹಾರದ ರಾಜ್ಯಪಾಲರಾಗಿ ಕೆಲಸ ಮಾಡಿದರು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಗ್ರಂಥಗಳನ್ನು ಬರೆದರು.

ಇಂಥ ಬಹುಭಾಷಿಕತೆ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಬೆಳೆಯುವುದಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯ ಕಾಲದಲ್ಲಿ ಹೋಗಿ ನೋಡಿ. ಕರ್ನೂಲು ಕಡೆಯ ರೈತ ಚೀಲಗಳನ್ನು ಇಳಿಸಿ ದಲಾಲಿ ಅಂಗಡಿಯಲ್ಲಿ ಕುಳಿತಿರುತ್ತಾನೆ. ಖರೀದಿದಾರ ಬಂದು ರಾಶಿಯಿಂದ ಒಂದು ಕಾಯಿಯನ್ನು ಎತ್ತಿ, ಅಂಗೈಯಲ್ಲಿ ಒತ್ತಿ, ತೊಟ್ಟನ್ನು ನೋಡಿ, ಹಸಿ ಇದೆ ಎಂದು ಕನ್ನಡದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ದಲಾಲರು ಅದನ್ನು ತೆಲುಗಿನಲ್ಲಿ ರೈತನಿಗೆ ತಿಳಿಸುತ್ತಾರೆ. ಅವರು ಹೇಳುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ: ರೈತ ತನ್ನ ಮಗನ ಕಡೆ ತಿರುಗಿ, ಸಾಲದ ಕಂತು ಬಂದಿದೆ, ಲಾರಿ ಬಾಡಿಗೆ ಕೊಡಬೇಕು, ಇಂದೇ ಮಾರಿಬಿಡೋಣವೇ ಎಂದು ಮೆಲ್ಲಗೆ ಕೇಳಿದ್ದೂ ಅವರ ಕಿವಿಗೆ ಬಿದ್ದಿರುತ್ತದೆ. ಆ ತಿಳಿವಳಿಕೆಯನ್ನು ಅವರು ರೈತನ ಹಿತಕ್ಕೂ ಬಳಸಬಹುದು, ಅವನ ಅವಸರದ ಲಾಭವನ್ನೂ ಪಡೆಯಬಹುದು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕನ್ನಡ, ಉರ್ದು, ಮರಾಠಿ, ಮಾರ್ವಾಡಿಗಳನ್ನು ಒಂದೇ ಅಂಗಡಿಯಲ್ಲಿ ಆಡುವವರಿದ್ದಾರೆ. ಇವರಿಂದ ಆರಿಸಿ ಬಂದ ಎಷ್ಟೋ ಜನಪ್ರತಿನಿಧಿಗಳಿಗೂ ಮೂರು ನಾಲ್ಕು ಭಾಷೆ ಸಹಜವಾಗಿ ಬರುತ್ತದೆ. ಆದರೆ ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಭಾಷೆ ಬಾರದವರೆಂದು ಕೀಳಾಗಿ ಕಾಣುತ್ತೇವೆ. ಈ ಅನ್ಯಾಯ ನಿಲ್ಲಬೇಕು.

ಪರಭಾಷೆ ಬಲ್ಲವರನ್ನು ಅನುಮಾನಿಸುವ ಕಡೆಗಳೂ ಇವೆ. ಅಮೆರಿಕದ 2004ರ ಚುನಾವಣೆಯಲ್ಲಿ ಜಾನ್ ಕೆರಿ ಅವರಿಗೆ ಫ್ರೆಂಚ್ ಬರುವುದನ್ನೇ ಎದುರಾಳಿಗಳು ದೋಷವಾಗಿ ಆಡಿದರು. 2012ರಲ್ಲಿ ಮಿಟ್ ರಾಮ್ನಿ ಅವರ ಮೇಲೂ ಅದೇ ಆರೋಪದ ಜಾಹೀರಾತು ಬಂದಿತು. ನಮ್ಮ ಉಪಖಂಡದ ಜನ ಈ ವಿಷಯದಲ್ಲಿ ಹೆಚ್ಚು ಉದಾರಿಗಳು. 1972ರ ಜನವರಿ 10ರಂದು, ಪಾಕಿಸ್ತಾನದ ಸೆರೆಯಿಂದ ಬಿಡುಗಡೆಯಾಗಿ ಢಾಕಾಕ್ಕೆ ಹೋಗುವ ದಾರಿಯಲ್ಲಿ ಶೇಖ್ ಮುಜೀಬುರ್ ರಹಮಾನ್ ದೆಹಲಿಯಲ್ಲಿ ಇಳಿದರು. ಸಭೆಯಲ್ಲಿ ಅವರು ಇಂಗ್ಲಿಷಿನಲ್ಲಿ ಆರಂಭಿಸಿದಾಗ, ಬಂಗಾಳಿಯಲ್ಲಿ ಮಾತನಾಡಿರೆಂದು ನೆರೆದ ಜನರೇ ಕೂಗಿದರು. ಅವರು ಬಂಗಾಳಿಗೆ ಹೊರಳಿದರು. ದೆಹಲಿಯ ಆ ಗುಂಪಿನಲ್ಲಿ ಬಂಗಾಳಿ ತಿಳಿಯದವರೂ ಬಹಳ ಮಂದಿ ಇದ್ದಿರಬೇಕು.

ದೆಹಲಿಯ ಸಂಸತ್ತಿನೊಳಗೆ ಈ ಉದಾರತೆಗೆ ಹೆಚ್ಚು ಕಾಲ ಹಿಡಿಯಿತು. ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಸಮರ್ಪಕವಾಗಿ ಮಾತನಾಡಲಾಗದ ಸದಸ್ಯರು ಸಭಾಧ್ಯಕ್ಷರ ಅನುಮತಿಯೊಡನೆ ಮಾತೃಭಾಷೆಯಲ್ಲಿ ಮಾತನಾಡಬಹುದೆಂದು ಸಂವಿಧಾನದ 120ನೆಯ ವಿಧಿ ಹೇಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಆರಿಸಿ ಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಆ ವಿಧಿಗೆ ಜೀವ ತುಂಬಿದರು. ಇಂದು ಅಲ್ಲಿ ಕನ್ನಡಕ್ಕೂ ಜೊತೆಜೊತೆಯ ಅನುವಾದದ ವ್ಯವಸ್ಥೆ ಇದೆ. 2025ರ ಫೆಬ್ರುವರಿಯಲ್ಲಿ ಇನ್ನೂ ಆರು ಭಾಷೆಗಳನ್ನು ಆ ಪಟ್ಟಿಗೆ ಸೇರಿಸಲಾಯಿತು. ಆ ಗಾಜಿನ ಕೋಣೆಗಳಲ್ಲಿ ಕುಳಿತುಕೊಳ್ಳುವವರು ಎಲ್ಲಿಂದ ಬರಬೇಕು? ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಭಾಷೆ ಓದುವ ವಿದ್ಯಾರ್ಥಿಗಳಿಗೆ ದುಭಾಷಿ ಎಂಬುದು ಒಂದು ವೃತ್ತಿ ಎಂದು ಹೇಳಿಕೊಡುವವರು ಬೇಕಾಗಿದ್ದಾರೆ.

ವಿದೇಶಾಂಗ ಸೇವೆಯ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಅದು ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಮೀಸಲೆಂದು ನಮ್ಮ ಹುಡುಗ ಹುಡುಗಿಯರು ಮೊದಲೇ ಕೈಬಿಡುತ್ತಾರೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಇಂಗ್ಲಿಷಿನ ಒಂದು ಪತ್ರಿಕೆಯಲ್ಲಿ ಅರ್ಹತೆಯಷ್ಟು ಅಂಕ ಪಡೆದರಾಯಿತು. ಆಯ್ಕೆಯಾದ ಮೇಲೆ ಪ್ರತಿಯೊಬ್ಬ ವಿದೇಶಾಂಗ ಅಧಿಕಾರಿಯೂ ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಕಲಿಯಬೇಕು. ಅರಬ್ಬಿಯೋ, ಚೀನೀಯೋ, ರಷ್ಯನ್ನೋ, ಹಂಚಿಕೆಯಾದ ಭಾಷೆಯನ್ನು ಆಡುವ ದೇಶಕ್ಕೇ ಕಳಿಸಿ, ಸಂಬಳ ಕೊಟ್ಟು, ಸರ್ಕಾರವೇ ಕಲಿಸುತ್ತದೆ. ಅದರ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಸೇವೆ ಕಾಯಂ ಆಗುವುದಿಲ್ಲ. ಗದಗಿನಲ್ಲೋ ರಾಣೆಬೆನ್ನೂರಿನಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯ ಹೊರಗೆ ಉರ್ದುವನ್ನೂ ಸಂತೆಯಲ್ಲಿ ಮರಾಠಿಯನ್ನೂ ಕಿವಿಯಿಂದಲೇ ಕಲಿತ ಮಕ್ಕಳಿಗೆ ಅದು ಅಸಾಧ್ಯವೆಂದು ನನಗೆ ಅನಿಸುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ನಿಯಮಗಳನ್ನು ಅವರಿಗೆ ತಿಳಿಸಿ. ಅರ್ಜಿಯ ಪ್ರಕಟಣೆ ಪ್ರತಿ ವರ್ಷವೂ ಬರುತ್ತದೆ.